ಖಾತೆ ಸಂಖ್ಯೆಯೊಳಗೆ ಏನಿದೆ?

ನಾನು ಪ್ರಥಮ ಪಿಯುಸಿಗೆ ಸೇರುವಾಗ, 2024ರ ಜೂನ್‌ನಲ್ಲಿ, ಶುಲ್ಕ ಕಟ್ಟಲೆಂದು ಬೆಂಗಳೂರಿನಲ್ಲಿರುವ ನಮ್ಮ ಚಾಚಾ 6,500 ರೂಪಾಯಿ ಕಳುಹಿಸಿದರು. ಚಾಚಾಗೆ ಫೋನಿನಲ್ಲಿ ಹಣ ಕಳುಹಿಸುವುದೆಂದರೆ ಹೆದರಿಕೆ. ಬ್ಯಾಂಕಿಗೆ ಹೋಗಿ, ಸಾಲಿನಲ್ಲಿ ನಿಂತು, ಎನ್.ಇ.ಎಫ್.ಟಿ. ಫಾರಂ ತುಂಬಿಯೇ ಕಳುಹಿಸುತ್ತಾರೆ. ಅಮ್ಮಿಯ ಪಾಸ್‌ಬುಕ್ ನೋಡಿ ಖಾತೆ ಸಂಖ್ಯೆಯನ್ನು ಓದಿ ಹೇಳಿದವಳು ನಾನು. ಮೊದಲ ಪುಟದ ಅಚ್ಚು ಮಾಸಿತ್ತು. ನಮ್ಮ ಮನೆಯಲ್ಲಿ ಅಂಕಿಗಳನ್ನು ಉರ್ದುವಿನಲ್ಲೇ ಹೇಳುವುದು. ‘ತೀನ್’ ಎನ್ನಬೇಕಾದಲ್ಲಿ ನಾನು ‘ಆಠ್’ ಎಂದೆ. ಅಷ್ಟೇ ಆದದ್ದು.

ಎರಡು ದಿನವಾದರೂ ಹಣ ಬರಲಿಲ್ಲ. ಬ್ಯಾಂಕಿನಲ್ಲಿ ವಿಚಾರಿಸಿದಾಗ ಹಣ ಅದೇ ಬ್ಯಾಂಕಿನ ಬೇರೆ ಯಾರದೋ ಖಾತೆಗೆ ಜಮಾ ಆಗಿದೆ ಎಂದು ತಿಳಿಯಿತು. ಫಾರಂನಲ್ಲಿ ಅಮ್ಮಿಯ ಹೆಸರು ಸ್ಪಷ್ಟವಾಗಿತ್ತು. ಹೆಸರು ಬೇರೆ, ಖಾತೆ ಬೇರೆ ಇದ್ದರೂ ಹಣ ಹೇಗೆ ಹೋಯಿತು ಎಂದು ನಾನು ಕೇಳಿದೆ. ಕೌಂಟರಿನಲ್ಲಿದ್ದವರು, “ನೋಡಮ್ಮಾ, ಕಂಪ್ಯೂಟರ್ ನಂಬರ್ ನೋಡುತ್ತದೆ, ಹೆಸರು ನೋಡುವುದಿಲ್ಲ” ಎಂದರು. ಆಗ ನನಗೆ ಅದು ಕುಂಟು ನೆಪ ಅನಿಸಿತ್ತು. ಆಮೇಲೆ ಓದಿದಾಗ ಅದು ನಿಯಮವೇ ಎಂದು ಗೊತ್ತಾಯಿತು. ಎಲೆಕ್ಟ್ರಾನಿಕ್ ಪಾವತಿಯಲ್ಲಿ ಖಾತೆ ಸಂಖ್ಯೆ ಒಂದನ್ನೇ ನೋಡಿ ಹಣ ಜಮಾ ಮಾಡಬಹುದು, ಸರಿಯಾದ ಸಂಖ್ಯೆ ಕೊಡುವ ಹೊಣೆ ಹಣ ಕಳುಹಿಸುವವರದು ಎಂದು ರಿಸರ್ವ್ ಬ್ಯಾಂಕ್ 2010ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಅಂದರೆ ಬ್ಯಾಂಕಿನ ಕಣ್ಣಿಗೆ ನಾವು ಒಂದು ಸಂಖ್ಯೆ. ಹಾಗಾದರೆ ಆ ಸಂಖ್ಯೆ ಹೇಗೆ ಹುಟ್ಟುತ್ತದೆ? ಖಾತೆ ಮುಚ್ಚಿದ ಮೇಲೆ ಅದು ಏನಾಗುತ್ತದೆ? ಈ ಲೇಖನ ಅದರ ಬಗ್ಗೆ.

ನಮ್ಮ ದಾದಾ ಅವರ ಹಳೆಯ ಪಾಸ್‌ಬುಕ್ ಮನೆಯ ಟ್ರಂಕಿನಲ್ಲಿದೆ. ಅದರ ಮೇಲೆ ಶಾಯಿಯಲ್ಲಿ ‘ಎಸ್.ಬಿ. 412’ ಎಂದು ಮಾತ್ರ ಬರೆದಿದೆ. ಅಷ್ಟು ಚಿಕ್ಕ ಸಂಖ್ಯೆ ಸಾಕಾಗುತ್ತಿತ್ತು, ಏಕೆಂದರೆ ಆಗ ಖಾತೆ ಇದ್ದದ್ದು ಆ ಶಾಖೆಯ ಲೆಡ್ಜರಿನಲ್ಲಿ. ಪಕ್ಕದ ಊರಿನ ಶಾಖೆಯಲ್ಲೂ ಒಂದು 412 ಇರುತ್ತಿತ್ತು. ಎರಡೂ ಪುಸ್ತಕಗಳು ಎಂದೂ ಭೇಟಿಯಾಗುತ್ತಿರಲಿಲ್ಲವಾದ್ದರಿಂದ ಗೊಂದಲವಿರಲಿಲ್ಲ. ಕೋರ್ ಬ್ಯಾಂಕಿಂಗ್ ಬಂದು ಎಲ್ಲ ಶಾಖೆಗಳ ಲೆಕ್ಕವೂ ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ಸೇರಿದಾಗ ಮಾತ್ರ ಸಾವಿರಾರು 412ಗಳು ಎದುರುಬದುರಾದವು. ಆಗ ಸಂಖ್ಯೆಯನ್ನು ಉದ್ದ ಮಾಡಬೇಕಾಯಿತು.

ಉದ್ದ ಮಾಡುವ ಸುಲಭ ದಾರಿ ಎಂದರೆ ಸಂಖ್ಯೆಯ ಮುಂದೆ ಶಾಖೆಯ ಗುರುತನ್ನು ಸೇರಿಸುವುದು. ಕೆನರಾ ಬ್ಯಾಂಕಿನ ಹಳೆಯ 13 ಅಂಕಿಯ ಖಾತೆ ಸಂಖ್ಯೆ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಮೊದಲ ನಾಲ್ಕು ಅಂಕಿ ಶಾಖೆ, ನಂತರದ ಮೂರು ಅಂಕಿ ಖಾತೆಯ ಬಗೆ (101 ಎಂದರೆ ಉಳಿತಾಯ ಖಾತೆ), ಕೊನೆಯ ಆರು ಅಂಕಿ ಕ್ರಮಸಂಖ್ಯೆ. ನಿಮ್ಮ ಮನೆಯಲ್ಲಿ ಅಂಥ ಪಾಸ್‌ಬುಕ್ ಇದ್ದರೆ ತೆರೆದು ನೋಡಿ, 101 ಕಣ್ಣಿಗೆ ಬೀಳುತ್ತದೆ. ಸ್ಟೇಟ್ ಬ್ಯಾಂಕಿನದು 11 ಅಂಕಿ, ಐ.ಸಿ.ಐ.ಸಿ.ಐ.ನದು 12, ಎಚ್.ಡಿ.ಎಫ್.ಸಿ.ಯದು 14. ನಮ್ಮ ದೇಶದಲ್ಲಿ ಎಲ್ಲ ಬ್ಯಾಂಕುಗಳಿಗೂ ಒಂದೇ ಉದ್ದ ಎಂಬ ನಿಯಮವಿಲ್ಲ. ಪ್ರತಿ ಬ್ಯಾಂಕೂ ತನ್ನದೇ ಪದ್ಧತಿಯಲ್ಲಿ ಸಂಖ್ಯೆ ಕೊಡುತ್ತದೆ. ಆದ್ದರಿಂದ ಖಾತೆ ಸಂಖ್ಯೆಯೊಂದನ್ನೇ ಕೊಟ್ಟರೆ ಸಾಲದು, ಯಾವ ಬ್ಯಾಂಕಿಗೆ ಹೋಗಬೇಕೆಂದು ಹೇಳುವ ಇನ್ನೊಂದು ಸಂಕೇತ ಬೇಕು. ಅದೇ ಐ.ಎಫ್.ಎಸ್.ಸಿ. ಕೋಡ್.

ಐ.ಎಫ್.ಎಸ್.ಸಿ.ಯಲ್ಲಿ 11 ಸ್ಥಾನಗಳಿವೆ. ಮೊದಲ ನಾಲ್ಕು ಅಕ್ಷರ ಬ್ಯಾಂಕಿನದು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆಯದು. ಆ ಸೊನ್ನೆ ಮುಂದೆ ಬೇಕಾದರೆ ಇರಲಿ ಎಂದು ಕಾದಿರಿಸಿದ ಜಾಗ. ಅದನ್ನು ಇಂಗ್ಲಿಷಿನ ‘ಓ’ ಅಕ್ಷರ ಎಂದು ತುಂಬಿ ಫಾರಂ ಹಾಳುಮಾಡಿಕೊಂಡವರು ನಮ್ಮ ತರಗತಿಯಲ್ಲೇ ಮೂವರಿದ್ದಾರೆ. ಚೆಕ್ಕಿನ ಕೆಳಗೆ ಕಾಂತೀಯ ಶಾಯಿಯಲ್ಲಿ ಮುದ್ರಿಸುವ 9 ಅಂಕಿಯ ಎಂ.ಐ.ಸಿ.ಆರ್. ಕೋಡ್ ಬೇರೆಯದು. ಅದರಲ್ಲಿ ಮೂರು ಅಂಕಿ ನಗರ, ಮೂರು ಬ್ಯಾಂಕ್, ಮೂರು ಶಾಖೆ. ಬೆಂಗಳೂರಿಗೆ 560, ಪಿನ್ ಕೋಡಿನಲ್ಲಿ ಇರುವಂತೆಯೇ.

ಬ್ರಿಟನ್ನಿನಲ್ಲಿ ಇದೇ ಕೆಲಸವನ್ನು ‘ಸಾರ್ಟ್ ಕೋಡ್’ ಮಾಡುತ್ತದೆ. ಅದು ಆರು ಅಂಕಿ, ಎರಡೆರಡಾಗಿ ಬರೆಯುತ್ತಾರೆ. ಮೊದಲೆರಡು ಅಂಕಿ ನೋಡಿದರೆ ಸಾಮಾನ್ಯವಾಗಿ ಬ್ಯಾಂಕ್ ತಿಳಿಯುತ್ತದೆ: 20 ಬಾರ್ಕ್ಲೇಸ್, 30 ಲಾಯ್ಡ್ಸ್, 40 ಎಚ್.ಎಸ್.ಬಿ.ಸಿ. ಖಾತೆ ಸಂಖ್ಯೆ ಎಂಟು ಅಂಕಿ. ಒಂದು ಸಾರ್ಟ್ ಕೋಡಿನೊಳಗಿರುವ ಎಂಟಂಕಿಯ ಸಂಖ್ಯೆ ಇನ್ನೊಂದು ಸಾರ್ಟ್ ಕೋಡಿನೊಳಗೂ ಇರಬಹುದು. ನಮ್ಮ ದಾದಾ ಕಾಲದ 412ರ ಹಾಗೆಯೇ. ಎರಡೂ ಸೇರಿದರೆ ಮಾತ್ರ ಖಾತೆಯ ಪೂರ್ಣ ವಿಳಾಸ.

ಇಲ್ಲಿ ನನಗೆ ಕುತೂಹಲ ತಂದ ಒಂದು ವಿಷಯವಿದೆ. ಬ್ರಿಟನ್ನಿನ 40 ಎಂಬ ಗುರುತು ಮೊದಲು ಮಿಡ್‌ಲ್ಯಾಂಡ್ ಬ್ಯಾಂಕಿನದು. ಅದನ್ನು 1992ರಲ್ಲಿ ಎಚ್.ಎಸ್.ಬಿ.ಸಿ. ಕೊಂಡುಕೊಂಡಿತು, 1999ರಲ್ಲಿ ಮಿಡ್‌ಲ್ಯಾಂಡ್ ಎಂಬ ಹೆಸರೇ ಹೋಯಿತು. 40 ಮಾತ್ರ ಹಾಗೇ ಉಳಿಯಿತು. ಬರೀ ಅಂಕಿಗೆ ಹೆಸರಿನ ಹಂಗಿಲ್ಲ. ನಮ್ಮ ಐ.ಎಫ್.ಎಸ್.ಸಿ.ಯಲ್ಲಾದರೋ ಬ್ಯಾಂಕಿನ ಹೆಸರಿನ ಅಕ್ಷರಗಳೇ ಕೂತಿವೆ. ಹೀಗಾಗಿ ಬ್ಯಾಂಕುಗಳು ವಿಲೀನವಾದಾಗ ಹಳೆಯ ಹೆಸರಿನ ಜೊತೆಗೆ ಹಳೆಯ ಕೋಡ್ ಕೂಡ ಹೋಗುತ್ತದೆ.

ಕರ್ನಾಟಕದವರಿಗೆ ಇದು ಬೇಗ ಅರ್ಥವಾಗುತ್ತದೆ, ಏಕೆಂದರೆ ಹೆಚ್ಚು ಪೆಟ್ಟು ಬಿದ್ದದ್ದು ನಮಗೇ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ವಿಲೀನವಾದವು. ಎಲ್ಲವೂ ಏಪ್ರಿಲ್ 1ಕ್ಕೇ. ಇವುಗಳಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು 1906ರಲ್ಲಿ ಉಡುಪಿಯಲ್ಲಿ ಕಟ್ಟಿದವರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದೂರ್. ನಮ್ಮ ವಾಣಿಜ್ಯ ವಿಭಾಗದ ಎಷ್ಟು ಜನರಿಗೆ ಇದು ಗೊತ್ತೋ! ಸಿಂಡಿಕೇಟ್ ಬ್ಯಾಂಕಿನ ಹಳೆಯ ಐ.ಎಫ್.ಎಸ್.ಸಿ. 2021ರ ಜೂನ್ 30ರವರೆಗೆ ಮಾತ್ರ ನಡೆಯಿತು. ಕೆನರಾ ಬ್ಯಾಂಕ್ ಅದಕ್ಕೊಂದು ಸರಳ ಸೂತ್ರ ಮಾಡಿತ್ತು: ಮೊದಲ ನಾಲ್ಕು ಅಕ್ಷರ ಬದಲಿಸಿ, ಶಾಖೆಯ ಸಂಖ್ಯೆಗೆ 10,000 ಕೂಡಿಸಿ. ಶಾಖೆ 3687 ಆಗಿದ್ದರೆ ಅದು 13687 ಆಯಿತು. ಕೂಡಿಸದಿದ್ದರೆ ಎರಡು ಬ್ಯಾಂಕುಗಳ ಒಂದೇ ಸಂಖ್ಯೆಯ ಶಾಖೆಗಳು ಡಿಕ್ಕಿ ಹೊಡೆಯುತ್ತಿದ್ದವು. ಮತ್ತೆ ಅದೇ 412ರ ಸಮಸ್ಯೆ, ಈ ಸಲ ಶಾಖೆಗಳ ಮಟ್ಟದಲ್ಲಿ. 2025ರ ಮೇ 1ರಂದು ನಮ್ಮ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾಗಿವೆ. ಹಳ್ಳಿಯಿಂದ ಬರುವ ಗೆಳೆಯ ಗೆಳತಿಯರು ವಿದ್ಯಾರ್ಥಿವೇತನದ ಅರ್ಜಿ ಹಾಕುವ ಮೊದಲು ಪಾಸ್‌ಬುಕ್ಕಿನ ಕೋಡನ್ನು ಶಾಖೆಯಲ್ಲಿ ಒಮ್ಮೆ ಕೇಳಿಕೊಳ್ಳಿ.

ಈಗ ಮುಚ್ಚಿದ ಖಾತೆಯ ಮಾತು. ಮೊಬೈಲ್ ಸಂಖ್ಯೆಯ ಕಥೆ ನಮಗೆ ಗೊತ್ತು. ಸಿಮ್ ನಿಂತುಹೋದರೆ 90 ದಿನಗಳ ನಂತರ ಆ ಸಂಖ್ಯೆಯನ್ನು ಬೇರೆಯವರಿಗೆ ಕೊಡಬಹುದು. ಖಾತೆ ಸಂಖ್ಯೆಯನ್ನು ಹಾಗೆ ಮರುಬಳಕೆ ಮಾಡುವ ಅಗತ್ಯ ಬ್ಯಾಂಕಿಗೆ ಬರುವುದಿಲ್ಲ. ಲೆಕ್ಕ ಹಾಕಿ: 11 ಅಂಕಿಗಳಲ್ಲಿ 10 ಸಾವಿರ ಕೋಟಿ ಸಂಖ್ಯೆಗಳಾಗುತ್ತವೆ. ದೇಶದ ಪ್ರತಿಯೊಬ್ಬರೂ ಐವತ್ತು ಖಾತೆ ತೆರೆದರೂ ಮುಗಿಯುವುದಿಲ್ಲ. ಅಗತ್ಯವಿಲ್ಲ ಎನ್ನುವುದಷ್ಟೇ ಅಲ್ಲ, ಮರುಬಳಕೆ ಅಪಾಯ ಕೂಡ. ಖಾತೆ ಮುಚ್ಚಿದ ಮೇಲೂ ಕನಿಷ್ಠ 5 ವರ್ಷ ಗ್ರಾಹಕರ ಗುರುತಿನ ದಾಖಲೆಗಳನ್ನು ಇಟ್ಟಿರಬೇಕೆಂದು ಕಾನೂನಿದೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆದರೂ ಖಾತೆದಾರರು ಅಥವಾ ಅವರ ವಾರಸುದಾರರು ಯಾವಾಗ ಬಂದು ಕೇಳಿದರೂ ಬ್ಯಾಂಕ್ ಕೊಡಬೇಕು. ಅಂಥ ಹಣ ಹುಡುಕಲು 2023ರಲ್ಲಿ ‘ಉದ್ಗಮ್’ ಎಂಬ ಪೋರ್ಟಲ್ ಕೂಡ ಬಂದಿದೆ. ಇಷ್ಟರ ನಡುವೆ ಅದೇ ಸಂಖ್ಯೆಯನ್ನು ಹೊಸಬರಿಗೆ ಕೊಟ್ಟರೆ ಹಳಬರಿಗೆ ಬರಬೇಕಾದ ಪಿಂಚಣಿಯೋ ಮರುಪಾವತಿಯೋ ಹೊಸಬರ ಖಾತೆಗೆ ಬೀಳುತ್ತದೆ. ಅಪಾಯ ಹೆಚ್ಚು ಇರುವುದು ಇನ್ನೊಂದು ಕಡೆ: ಖಾತೆ ನಿಮ್ಮದೇ ಉಳಿದು, ಅದಕ್ಕೆ ಜೋಡಿಸಿದ ಹಳೆಯ ಮೊಬೈಲ್ ಸಂಖ್ಯೆ ಬೇರೆಯವರ ಕೈಗೆ ಹೋದರೆ ಓ.ಟಿ.ಪಿ. ಅವರಿಗೆ ಹೋಗುತ್ತದೆ. ಸಿಮ್ ಬಿಡುವ ಮೊದಲು ಬ್ಯಾಂಕಿನಲ್ಲಿ ಸಂಖ್ಯೆ ಬದಲಿಸಿ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. 3ರ ಬದಲು 8 ಎಂದು ಬರೆದರೆ ಕಂಪ್ಯೂಟರಿಗೆ ಗೊತ್ತಾಗುವಂತೆ ಮಾಡಬಹುದೇ? ಮಾಡಬಹುದು. ಅದಕ್ಕೆ ‘ತಪಾಸಣೆ ಅಂಕಿ’ ಎನ್ನೋಣ. ಉದಾಹರಣೆಗೆ ಕ್ರಮಸಂಖ್ಯೆ 4728 ಎಂದಿಟ್ಟುಕೊಳ್ಳಿ. ಅಂಕಿಗಳನ್ನು ಕ್ರಮವಾಗಿ 5, 4, 3, 2ರಿಂದ ಗುಣಿಸಿ ಕೂಡಿಸಿದರೆ 20+28+6+16, ಅಂದರೆ 70. ಇದು 11ರಿಂದ ಭಾಗವಾಗಬೇಕಾದರೆ 7 ಬೇಕು. ಆ 7ನ್ನೇ ಕೊನೆಗೆ ಅಂಟಿಸಿ: 47287. ಈಗ ಯಾರಾದರೂ 8ರ ಜಾಗದಲ್ಲಿ 3 ಬರೆದರೆ ಮೊತ್ತ 67 ಆಗುತ್ತದೆ, 11ರಿಂದ ಭಾಗವಾಗುವುದಿಲ್ಲ. 7 ಮತ್ತು 2 ಅದಲುಬದಲಾದರೆ 72, ಅದೂ ಭಾಗವಾಗುವುದಿಲ್ಲ. ಕಂಪ್ಯೂಟರ್ ಅಲ್ಲೇ ನಿಲ್ಲಿಸುತ್ತದೆ. ಕೆಲವು ಕ್ರಮಸಂಖ್ಯೆಗಳಿಗೆ ತಪಾಸಣೆ ಅಂಕಿ 10 ಬರುತ್ತದೆ, ಅದು ಒಂದು ಮನೆಯಲ್ಲಿ ಕೂರುವುದಿಲ್ಲ. ಅಂಥ ಸಂಖ್ಯೆಯನ್ನು ಯಾರಿಗೂ ಕೊಡದೆ ಬಿಟ್ಟುಬಿಡಬಹುದು. ಬ್ರಿಟನ್ನಿನಲ್ಲಿ ಸಾರ್ಟ್ ಕೋಡ್ ಮತ್ತು ಖಾತೆ ಸಂಖ್ಯೆ ಎರಡನ್ನೂ ಸೇರಿಸಿ ಇಂಥ ಪರೀಕ್ಷೆ ಮಾಡುತ್ತಾರೆ. ನಮ್ಮ ಡೆಬಿಟ್ ಕಾರ್ಡಿನ ಕೊನೆಯ ಅಂಕಿಯೂ ತಪಾಸಣೆ ಅಂಕಿಯೇ, ಆಧಾರ್‌ನದೂ ಹಾಗೆಯೇ. ಕಾರ್ಡಿಗೆ ಇರುವ ಕಾವಲು ಪ್ರತಿಯೊಂದು ಖಾತೆ ಸಂಖ್ಯೆಗೂ ಕಡ್ಡಾಯವಾಗಿ ಇರಬೇಕಿತ್ತು ಎಂದು ನನಗೆ ಅನಿಸುತ್ತದೆ. ಅಮ್ಮಿಯ ಖಾತೆಗೆ ಅಂಥ ಕಾವಲು ಇದ್ದಿದ್ದರೆ ಆ ಫಾರಂ ಕೌಂಟರಿನಿಂದಲೇ ಹಿಂದಕ್ಕೆ ಬರುತ್ತಿತ್ತು.

ಖಾತೆ ಸಂಖ್ಯೆ ಅಸ್ತಿತ್ವದಲ್ಲೇ ಇಲ್ಲದಿದ್ದರೆ ಎನ್.ಇ.ಎಫ್.ಟಿ. ಹಣ ತಾನಾಗಿ ಹಿಂತಿರುಗುತ್ತದೆ. ನಮ್ಮ ದುರದೃಷ್ಟಕ್ಕೆ ಆ ಸಂಖ್ಯೆಗೆ ಒಡೆಯರಿದ್ದರು. ಅವರ ಒಪ್ಪಿಗೆಯಿಲ್ಲದೆ ಬ್ಯಾಂಕ್ ಹಣ ತೆಗೆಯುವಂತಿಲ್ಲ ಎಂದರು. ಚಾಚಾ ತಮ್ಮ ಶಾಖೆಯಲ್ಲಿ ಅರ್ಜಿ ಕೊಟ್ಟರು, ಅದು ನಮ್ಮ ಶಾಖೆಗೆ ಬಂತು, ಪತ್ರ ಹೋಯಿತು. ಅಬ್ಬಾ ಗ್ಯಾರೇಜಿನಿಂದ ಮುಂಗಡ ತಂದರು. ಕಾಲೇಜು ಕಚೇರಿಯವರು ಎರಡು ಕಂತಿನಲ್ಲಿ ಕಟ್ಟಲು ಬಿಟ್ಟರು. ಐದು ವಾರದ ಮೇಲೆ ಪೂರ್ತಿ 6,500 ವಾಪಸು ಬಂತು. ಕಳುಹಿಸಿದವರು ಯಾರೆಂದು ಬ್ಯಾಂಕ್ ಹೇಳಲಿಲ್ಲ, ಹೇಳುವಂತೆಯೂ ಇಲ್ಲ. ಅಮ್ಮಿ ಮಾತ್ರ ಆ ಅಪರಿಚಿತರಿಗೆ ಇಂದಿಗೂ ದುಆ ಮಾಡುತ್ತಾರೆ.

ಅದೇ ವರ್ಷದ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊಸ ಸೂಚನೆ ಕೊಟ್ಟಿತು. ಎನ್.ಇ.ಎಫ್.ಟಿ. ಮತ್ತು ಆರ್.ಟಿ.ಜಿ.ಎಸ್.ನಲ್ಲಿ ಹಣ ಕಳುಹಿಸುವ ಮೊದಲೇ ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಬ್ಯಾಂಕುಗಳು ಒದಗಿಸಬೇಕು ಎಂದು. ಶಾಖೆಗೆ ಬಂದು ಫಾರಂ ತುಂಬುವವರಿಗೂ ಇದು ಸಿಗಬೇಕು. ದ್ವಿತೀಯ ಪಿಯುಸಿ ಶುಲ್ಕಕ್ಕೆ ಚಾಚಾ ಹಣ ಕಳುಹಿಸುವಾಗ ಕೌಂಟರಿನವರಿಂದ ಅಮ್ಮಿಯ ಹೆಸರನ್ನು ಎರಡು ಸಲ ಓದಿಸಿದರಂತೆ. ಸಂಖ್ಯೆಯನ್ನು ಈ ಸಲ ನಾನು ಓದಿ ಹೇಳಲಿಲ್ಲ. ಹೊಸದಾಗಿ ಅಚ್ಚು ಹಾಕಿಸಿದ ಪುಟದ ಫೋಟೋ ತೆಗೆದು ಕಳುಹಿಸಿದೆ.