ಸ್ಟ್ಯಾಂಡ್‌ಬೈ ಕೇಬಲ್ ಕೊನೆಗೆ ಹಾಕಿ

ಹೊನ್ನಾಳಿ, ನ್ಯಾಮತಿಯ ಅಕ್ಕಿ ಗಿರಣಿಯಿರಲಿ, ಚನ್ನಗಿರಿಯ ಸೂಳೆಕೆರೆ ನೀರನ್ನು ಶುದ್ಧಮಾಡುವ ಘಟಕವಿರಲಿ, ತುಂಗಭದ್ರೆಯಿಂದ ಜಗಳೂರಿನ 57 ಕೆರೆಗಳನ್ನು ತುಂಬಿಸುವಂಥ ಯೋಜನೆಯ ಪಂಪ್‌ಹೌಸಿರಲಿ, ಪಿಎಲ್‌ಸಿ, ಸ್ಕಾಡಾ ಬಂದ ಕಡೆ ಈಥರ್ನೆಟ್ ಕೇಬಲ್ಲೂ ಬರುತ್ತದೆ. ಒಂದು ಕಟ್ಟಡದೊಳಗಿನ ಸ್ವಿಚ್‌ಗಳಿಗೆ ರಿಂಗ್ ಮಾಡುವುದು ನಮ್ಮ ಟೆಕ್ನಿಷಿಯನ್ನರಿಗೆ ಹೊಸದಲ್ಲ. ಎಡವುವುದು ಎರಡು ಕಟ್ಟಡಗಳ ರಿಂಗ್‌ಗಳನ್ನು ಜೋಡಿಸುವಾಗ. ಒಂದು ಕಡಿದರೆ ಇನ್ನೊಂದಿರಲಿ ಎಂದು ಎರಡು ಕೇಬಲ್ ಎಳೆದು, ಎರಡನ್ನೂ ಒಟ್ಟಿಗೇ ಚುಚ್ಚಿಬಿಡುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಎರಡೂ ಕಡೆಯ ಸ್ಕಾಡಾ ಪರದೆ ಸ್ತಬ್ಧ.

ಈಥರ್ನೆಟ್ ಫ್ರೇಮ್‌ಗೆ ಆಯಸ್ಸಿನ ಲೆಕ್ಕವಿಲ್ಲ. ಸುತ್ತುದಾರಿ ಸಿಕ್ಕರೆ ಬ್ರಾಡ್‌ಕಾಸ್ಟ್ ಫ್ರೇಮ್ ಸುತ್ತುತ್ತಲೇ ಇರುತ್ತದೆ; ಪ್ರತಿ ಸ್ವಿಚ್ಚೂ ಅದರ ನಕಲನ್ನು ಉಳಿದೆಲ್ಲ ಪೋರ್ಟ್‌ಗಳಿಗೆ ತಳ್ಳುತ್ತದೆ. ಲೈನ್ ತುಂಬಿಹೋಗಿ ಪಿಎಲ್‌ಸಿಯ ಮಾತಿಗೆ ಜಾಗವೇ ಇರುವುದಿಲ್ಲ. ‘ರಿಂಗ್ ಮ್ಯಾನೇಜರ್ ಇದೆಯಲ್ಲ ಸಾರ್’ ಎನ್ನುತ್ತಾರೆ. ಇದೆ, ಸುತ್ತು ಹುಟ್ಟದಂತೆ ಕಾಯುವ ಸ್ವಿಚ್ಚೇ ಅದು, ಆದರೆ ಅದು ಕಾಯುವುದು ತನ್ನ ರಿಂಗನ್ನು ಮಾತ್ರ. ಎರಡು ರಿಂಗ್‌ಗಳ ನಡುವೆ ಹೊಸದಾಗಿ ಹುಟ್ಟಿದ ಸುತ್ತು ಅದಕ್ಕೆ ಕಾಣುವುದಿಲ್ಲ. ಇಂಥ ಹೊತ್ತಲ್ಲಿ ಪಿಎಲ್‌ಸಿಯೇ ಕೆಟ್ಟಿತೆಂದು ಹೊಸದಕ್ಕೆ ಆರ್ಡರ್ ಕೊಡಲು ಹೊರಟವರನ್ನು ಕಂಡಿದ್ದೇನೆ. ಒಂದು ಕೇಬಲ್ ಕಿತ್ತಿದ್ದರೆ ಸಾಕಿತ್ತು.

ಆದ್ದರಿಂದ ಮೊದಲು ಎರಡೂ ರಿಂಗ್‌ಗಳನ್ನು ಬೇರೆಬೇರೆಯಾಗಿಯೇ ಸರಿಮಾಡಿಕೊಳ್ಳಿ. ರಿಂಗ್ ಕಾಯಲು ಎಂಆರ್‌ಪಿ ಪ್ರೊಟೊಕಾಲ್ ಬಳಸುವುದಾದರೆ ಪ್ರತಿ ರಿಂಗ್‌ಗೆ ಒಂದೇ ಮ್ಯಾನೇಜರ್, ಸ್ವಿಚ್‌ಗಳು 50 ದಾಟದಿರಲಿ, ರಿಂಗ್ ಪೋರ್ಟ್‌ಗಳಲ್ಲಿ ಸುತ್ತು ತಡೆಯುವ ಇನ್ನೊಂದು ಪ್ರೊಟೊಕಾಲ್ ಆರ್‌ಎಸ್‌ಟಿಪಿ ಆಫ್ ಇರಲಿ.

ಈಗ ಒಂದು ರಿಂಗ್‌ನಲ್ಲಿ ಎರಡು ಸ್ವಿಚ್ ಆರಿಸಿ. ರಿಂಗ್ ಜೋಡಿಸುವ ಕಪ್ಲಿಂಗ್ ಸೆಟಿಂಗ್‌ಗೆ ಹೋಗಿ ಒಂದರ ಪೋರ್ಟನ್ನು ಮುಖ್ಯ, ಇನ್ನೊಂದರದನ್ನು ಸ್ಟ್ಯಾಂಡ್‌ಬೈ ಮಾಡಿ. ಸಾಮಾನ್ಯವಾಗಿ ಈ ಸೆಟಿಂಗ್ ಒಂದು ರಿಂಗ್‌ನಲ್ಲಿ ಸಾಕು, ಎದುರು ರಿಂಗ್‌ನಲ್ಲಿ ಮಾಡಬಾರದು. ನಿಮ್ಮ ಸ್ವಿಚ್ಚಿನ ಮ್ಯಾನ್ಯುಯಲ್ ಒಮ್ಮೆ ತೆರೆದು ನೋಡಿ. ಸೇವ್ ಮಾಡಿ. ಸೇವ್ ಮಾಡದೆ ಬಿಟ್ಟರೆ ಕರೆಂಟು ಹೋಗಿ ಬಂದಾಗ ಸೆಟಿಂಗ್ ಅಳಿಸಿಹೋಗಿ, ಎರಡೂ ಕೇಬಲ್ ಒಟ್ಟಿಗೇ ಚಾಲೂ ಆಗಿ, ಅದೇ ಗೋಳು ಮತ್ತೆ. ಹಳ್ಳಿ ಫೀಡರಿನ ಮೇಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಮುಖ್ಯ ಕೇಬಲ್ ಹಾಕಿ ಆಚೆಗೆ ಪಿಂಗ್ ಮಾಡಿ. ಉತ್ತರ ಬಂದ ಮೇಲೆ ಸ್ಟ್ಯಾಂಡ್‌ಬೈ ಕೇಬಲ್.

ಎರಡು ರಿಂಗ್ ಎರಡು ಕಂಪನಿಯವಾದರೆ ಕಪ್ಲಿಂಗ್ ಹೊಂದುತ್ತದೆಂಬ ಭರವಸೆ ಬೇಡ. ಆಗ ಎಂಆರ್‌ಪಿ ಬಿಟ್ಟು ಇಡೀ ಜಾಲವನ್ನು ಆರ್‌ಎಸ್‌ಟಿಪಿಗೆ ತರುವುದೇ ವಾಸಿ. ಹಳೆಯ ಎಸ್‌ಟಿಪಿ ಮಾತ್ರ ಬೇಡ, ಅದು ದಾರಿ ಬದಲಿಸಲು 30ರಿಂದ 50 ಸೆಕೆಂಡು ತಿನ್ನುತ್ತದೆ, ಅಷ್ಟರಲ್ಲಿ ಪಂಪು ಟ್ರಿಪ್ ಆಗಿರಬಹುದು.

ಉಳಿದದ್ದು ಚುಟುಕಾಗಿ: ಯಂತ್ರ ನಿಂತಿರುವಾಗ ಮುಖ್ಯ ಕೇಬಲ್ ಕಿತ್ತು, ಸ್ಟ್ಯಾಂಡ್‌ಬೈ ಚಾಲೂ ಆಗುತ್ತದೆಯೇ ಎಂದು ಪರೀಕ್ಷಿಸಿ. ಎರಡು ಕೇಬಲ್ ಒಂದೇ ಕಾಲುವೆಯಲ್ಲಿ ಹೂಳಬೇಡಿ, ಜೆಸಿಬಿ ಒಂದೇ ಏಟಿಗೆ ಎರಡನ್ನೂ ಕಿತ್ತೀತು. 100 ಮೀಟರ್ ದಾಟಿದರೆ ಫೈಬರ್. ಸ್ವಿಚ್ಚಿನ ಅಲಾರ್ಮ್ ರಿಲೇಗೆ ಒಂದು ಹೂಟರ್ ಕೊಡಿ. ಇಲ್ಲದಿದ್ದರೆ ಮುಖ್ಯ ಕೇಬಲ್ ಕಡಿದದ್ದು ಗೊತ್ತಾಗುವುದು ಸ್ಟ್ಯಾಂಡ್‌ಬೈ ಕೂಡ ಕಡಿದ ದಿನವೇ.