ಬಾರದ ದಿನದ ಫೀ

ನನ್ನ ಕಪಾಟಿನಲ್ಲಿ ಇನ್ನೂರು ಪುಟದ ಹಳೆಯ ನೋಟ್‌ಬುಕ್ ಒಂದಿದೆ. ನಾಸಿಕದ ಕಾಲೇಜ್ ರೋಡಿನ ಬಾಡಿಗೆ ಮನೆಯಲ್ಲಿ ಪಿಯಾನೊ ಪಾಠ ಹೇಳುತ್ತಿದ್ದಾಗಿನ ಹಾಜರಿ ಪುಸ್ತಕ ಅದು. ಬಂದ ಮಗುವಿನ ಹೆಸರಿನ ಮುಂದೆ ಒಂದು ಗೆರೆ, ಬಾರದ ಮಗುವಿಗೆ ಸೊನ್ನೆ. 2019ರ ಅಕ್ಟೋಬರ್ ಪುಟವನ್ನು ಈಗಲೂ ಆಗಾಗ ತೆಗೆದು ನೋಡುತ್ತೇನೆ. ಆಗ ನನ್ನ ಹತ್ತಿರ 14 ಮಕ್ಕಳು ಬರುತ್ತಿದ್ದರು. ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ. ತಿಂಗಳಿಗೆ ತಲಾ 8ರಂತೆ 112 ಪಾಠ ಆಗಬೇಕು. ಆದದ್ದು 67. ಅರ್ಧವಾರ್ಷಿಕ ಪರೀಕ್ಷೆ, ನವರಾತ್ರಿಯ ದಾಂಡಿಯಾ, ನೆಗಡಿ ಜ್ವರ, ಕೊನೆಯ ವಾರವಿಡೀ ದೀಪಾವಳಿ. ಪಾಠಕ್ಕೆ 200 ರೂಪಾಯಿ, ಅದೂ ಬಂದ ದಿನಕ್ಕೆ ಮಾತ್ರ ಎಂಬುದು ನಾನೇ ಹಾಕಿಕೊಂಡ ಪದ್ಧತಿ. 22,400 ಬರಬೇಕಾದಲ್ಲಿ ಕೈಗೆ ಬಂದದ್ದು 13,400.

ಉಳಿದ 45 ಅರ್ಧ ಗಂಟೆಗಳಲ್ಲಿ ನಾನೇನು ಮಾಡುತ್ತಿದ್ದೆ? ಪಿಯಾನೊದ ಮುಚ್ಚಳ ತೆಗೆದು, ಪುಸ್ತಕ ಹರವಿಟ್ಟು, ಗೇಟಿನ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಿದ್ದೆ. ನಾಲ್ಕೂವರೆಗೆ ಬರಬೇಕಾದ ಹುಡುಗ ಇವತ್ತು ಬರುವುದಿಲ್ಲವೆಂದು ಖಾತ್ರಿಯಾಗುವ ಹೊತ್ತಿಗೆ ನಾಲ್ಕು ಐವತ್ತು. ಐದಕ್ಕೆ ಮುಂದಿನವಳು. ನಡುವಿನ ಹತ್ತು ನಿಮಿಷದಲ್ಲಿ ತರಕಾರಿಗೆ ಹೋಗಿ ಬರಲಾಗದು, ಬೇರೊಂದು ಮಗುವಿಗೆ ಬಾ ಎನ್ನಲೂ ಆಗದು. ಆ ವೇಳೆ ಕೇಳಿಕೊಂಡು ಬಂದ ಇಬ್ಬರಿಗೆ ‘ಜಾಗ ಇಲ್ಲ’ ಎಂದು ಹೇಳಿ ಕಳಿಸಿದ್ದೆ. ಜಾಗ ಆ ಹುಡುಗನದಾಗಿತ್ತು.

ಅದೇ ತಿಂಗಳು ಮುಂಬೈಯಿಂದ ಟ್ಯೂನರ್ ಬಂದಿದ್ದರು. ನನ್ನದು ಡಿಜಿಟಲ್ ಅಲ್ಲ, ತಂತಿಯ ಪಿಯಾನೊ. 88 ಕೀಗಳಿಗೆ ಸುಮಾರು 230 ತಂತಿ. ಮಳೆಗಾಲದಲ್ಲಿ ಒಳಗಿನ ಹಲಗೆ ತೇವ ಹೀರಿ ಉಬ್ಬುತ್ತದೆ, ಸ್ವರ ಏರುತ್ತದೆ. ಬೇಸಿಗೆಯಲ್ಲಿ ಒಣಗಿ ಇಳಿಯುತ್ತದೆ. ವರ್ಷಕ್ಕೆ ಎರಡು ಸಲ ಕರೆಸದಿದ್ದರೆ ಮಕ್ಕಳ ಕಿವಿ ಕೆಡುತ್ತದೆ. ಅವರು ತಂತಿಗಳ ನಡುವೆ ಕೆಂಪು ಬಟ್ಟೆಯ ಪಟ್ಟಿ ತುರುಕಿ, ಒಂದೇ ಸ್ವರಕ್ಕಿರುವ ಮೂರು ತಂತಿಗಳಲ್ಲಿ ಎರಡರ ಬಾಯಿ ಕಟ್ಟಿ, ಮೂರನೆಯದರ ಗೂಟವನ್ನು ಕೂದಲೆಳೆಯಷ್ಟು ತಿರುಗಿಸಿ ಕೇಳುತ್ತಾರೆ. ಆಮೇಲೆ ಮುಂದಿನದು. ಮೂರೂವರೆ ತಾಸು ಹಿಡಿಯಿತು. ಹೋಗಿಬರುವ ಖರ್ಚು ಸೇರಿ 6,500 ರೂಪಾಯಿ.

ನಮ್ಮ ಮನೆಯವರು ಬೆಂಗಳೂರಿನಿಂದ ವರ್ಗವಾಗಿ ಓಝರಿನ ಎಚ್‌ಎಎಲ್‌ಗೆ ಬಂದವರು. ಸಂಸಾರ ಅವರ ಸಂಬಳದಲ್ಲಿ ಸಾಗುತ್ತಿದ್ದರಿಂದ ನನ್ನ ನಷ್ಟ ಯಾರ ಕಣ್ಣಿಗೂ ಬೀಳಲಿಲ್ಲ. ಮನೆಯಲ್ಲೇ ಕೂತು ಸಂಗೀತ, ಭರತನಾಟ್ಯ, ಚಿತ್ರಕಲೆ ಹೇಳಿಕೊಡುವ ಹೆಂಗಸರ ಲೆಕ್ಕ ಬಹಳ ಮನೆಗಳಲ್ಲಿ ಹೀಗೇ ಮುಚ್ಚಿಹೋಗುತ್ತದೆ. ಅದನ್ನು ತೆರೆದು ನೋಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಬಾಯಿಬಿಟ್ಟು ಫೀ ಕೇಳಲು ನನಗೇಕೆ ಆಗುತ್ತಿರಲಿಲ್ಲ ಎಂಬುದಕ್ಕೆ ಧಾರವಾಡಕ್ಕೆ ಹೋಗಬೇಕು. ನಮ್ಮ ಓಣಿಯಲ್ಲಿ ಗಾಯನ ಹೇಳುವ ಮಾಸ್ತರರಿದ್ದರು. ತಿಂಗಳ ಕೊನೆಗೆ ಅವ್ವ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಅದರ ಕೆಳಗೆ ನೋಟು ಮಡಚಿಟ್ಟು ಕೊಡುತ್ತಿದ್ದಳು. ಎಷ್ಟಿದೆ ಎಂದು ಮಾಸ್ತರರು ನೋಡುತ್ತಿರಲಿಲ್ಲ. ಗುರುವೆಂದರೆ ಹೀಗಿರಬೇಕು ಎಂದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಮಾಸ್ತರರ ಹೆಂಡತಿ ಅದೇ ಓಣಿಯ ಕಿರಾಣಿ ಅಂಗಡಿಯಲ್ಲಿ ವರ್ಷಗಟ್ಟಲೆ ಉದ್ರಿ ಹಚ್ಚಿ ಮನೆ ನಡೆಸಿದರೆಂದು ಅವ್ವ ಹೇಳಿದ್ದು ನನ್ನ ಮದುವೆಯಾದ ಮೇಲೆ. ಮಾಸ್ತರರು ನೋಡದ ಲೆಕ್ಕವನ್ನು ಆಕೆ ನೋಡುತ್ತಿದ್ದರು.

ನಾಸಿಕದಲ್ಲಿದ್ದಾಗ ಇದಕ್ಕಿಂತ ದೊಡ್ಡ ಲೆಕ್ಕವೊಂದು ನನ್ನನ್ನು ಕಾಡಿತು. ಅದು ಗಾಯಕ ವಿಷ್ಣು ದಿಗಂಬರ ಪಲುಸ್ಕರ್ ಅವರದು. ಅವರು ಹುಟ್ಟಿದ್ದು 1872ರಲ್ಲಿ, ನಮ್ಮ ಕಡೆಯವರು ನರಸೋಬವಾಡಿಗೆ ಹೋದಾಗ ಹೆಸರು ಕೇಳುವ ಕುರುಂದವಾಡದಲ್ಲಿ. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ರಾಜಾಶ್ರಯ ಬಿಟ್ಟು ಜನರ ಹಣದಿಂದ, ಕಛೇರಿಗಳ ಗಳಿಕೆಯಿಂದ ನಡೆದ ಸಂಗೀತ ಶಾಲೆ ಅದು. 1908ರಲ್ಲಿ ಮುಂಬೈಯಲ್ಲಿ ಶಾಖೆ ಶುರುವಾಯಿತು. ಶಾಲೆಗೂ ವಿದ್ಯಾರ್ಥಿಗಳ ವಸತಿಗೂ ಕಟ್ಟಡ ಬೇಕೆಂದು ಸಾಲ ಮಾಡಿದರು. ಅದನ್ನು ತೀರಿಸಲು ಊರೂರು ಸುತ್ತಿ ಹಾಡಿದರು. 1924ರಲ್ಲಿ ಹಾಗೆ ಸುತ್ತುತ್ತಿದ್ದಾಗಲೇ ಸಾಲ ಕೊಟ್ಟವರು ಜಪ್ತಿ ತಂದು, ಶಾಲೆ ಹರಾಜಿಗೆ ಹೋಯಿತು. ನಾಸಿಕದಲ್ಲಿ ರಾಮನಾಮ ಆಧಾರ ಆಶ್ರಮ ಕಟ್ಟಿಕೊಂಡ ಅವರು 1931ರಲ್ಲಿ ಮೀರಜಿನಲ್ಲಿ ತೀರಿಕೊಂಡರು. ಓಂಕಾರನಾಥ ಠಾಕೂರ್, ವಿನಾಯಕರಾವ್ ಪಟವರ್ಧನ್ ಅವರಂಥ ಶಿಷ್ಯರನ್ನು ತಯಾರು ಮಾಡಿದ ಮನುಷ್ಯನಿಗೆ ಶಿಸ್ತು ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಒಬ್ಬ ಗಾಯಕನ ಗಂಟಲು ಕಟ್ಟಡದ ಸಾಲವನ್ನು ಹೊರಲಾರದೆ ಹೋಯಿತು, ಅಷ್ಟೇ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಊಟ, ವಸತಿ, ಸಂಗೀತ ಎಲ್ಲ ಉಚಿತವೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೇಳಬೇಕಾದದ್ದೇ. ಆದರೆ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳು ಮತ್ತೆ ಮತ್ತೆ ತುಲಾಭಾರಕ್ಕೆ ಕೂತದ್ದನ್ನೂ ನಾಡು ಕಂಡಿದೆ. ಮಕ್ಕಳು ಕೊಡದ ಫೀಯನ್ನು ಭಕ್ತರು ತಕ್ಕಡಿಗೆ ಹಾಕಿದರು. ಪಾಠಕ್ಕೆ ಯಾರಾದರೊಬ್ಬರು ಕೊಟ್ಟೇ ಕೊಡುತ್ತಾರೆ. ಯಾರು, ಎಷ್ಟು, ಯಾವಾಗ ಎಂಬುದನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ಹೇಳುವವರ ಮನೆಯವರೇ ಕೊಡಬೇಕಾಗುತ್ತದೆ.

2023ರಲ್ಲಿ ಮನೆಯವರು ಔರಂಗಾಬಾದ್ ಹತ್ತಿರದ ಶೇಂದ್ರಾದ ಕಾರ್ಖಾನೆಯೊಂದಕ್ಕೆ ಸೇರಿದರು. ಅದೇ ವರ್ಷ ಆ ಊರಿನ ಹೆಸರು ಛತ್ರಪತಿ ಸಂಭಾಜಿನಗರ ಎಂದಾಗಿತ್ತು. ಇನ್ನೂರು ಕಿಲೋ ಮೀರಿದ ಪಿಯಾನೊವನ್ನು ಆರು ಜನ ಎತ್ತಿ ಟೆಂಪೊಗೆ ಹಾಕಿದರು. ಯೇವಲಾ, ವೈಜಾಪುರ ದಾಟಿ ಗಾರಖೇಡಾದ ಮನೆ ಸೇರಿತು. ಊರು ಬದಲಾದ ಪಿಯಾನೊವನ್ನು ಕೂಡಲೇ ಶ್ರುತಿ ಮಾಡಿಸಬಾರದು. ಹೊಸ ಹವೆಗೆ ಒಗ್ಗಲೆಂದು ಎರಡು ಮೂರು ವಾರ ಬಿಡಬೇಕು. ಆ ಮೂರು ವಾರ ನಾನು ಹಳೆಯ ನೋಟ್‌ಬುಕ್ ಎದುರಿಗಿಟ್ಟುಕೊಂಡು ಒಂದು ಹಾಳೆ ಬರೆದೆ. ಒಂದು ಮಗ್ಗುಲು ಮರಾಠಿ, ಇನ್ನೊಂದು ಮಗ್ಗುಲು ಇಂಗ್ಲಿಷ್.

ಮೊದಲು ವರ್ಷವನ್ನು ಎಣಿಸಿದೆ. 52 ವಾರದಲ್ಲಿ ಗಣಪತಿಗೆ 1, ದೀಪಾವಳಿಗೆ 2, ಮೇ ರಜೆಗೆ 4, ನಾನು ಊರಿಗೆ ಹೋಗಲು 1 ಕಳೆದರೆ 44 ಉಳಿಯುತ್ತವೆ. ವಾರಕ್ಕೆ ಎರಡರಂತೆ 88 ಪಾಠ. ಪಾಠಕ್ಕೆ 240 ಹಿಡಿದರೆ ವರ್ಷಕ್ಕೆ 21,120. ಅದನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 1,760 ಎಂದು ಬರೆದೆ. ದೀಪಾವಳಿಯ ತಿಂಗಳಿಗೂ ಅಷ್ಟೇ, ಜುಲೈಗೂ ಅಷ್ಟೇ. ತಿಂಗಳ 5ರೊಳಗೆ. ಈ ಒಂದು ಸಾಲಿನಿಂದಲೇ ನನ್ನ ಅಕ್ಟೋಬರ್ ನೆಟ್ಟಗಾಯಿತು. ಪಾಲಕರಿಗೂ ಈ ತಿಂಗಳು ಎಷ್ಟಾಯಿತೆಂದು ಲೆಕ್ಕ ಹಾಕುವ ತಾಪತ್ರಯ ತಪ್ಪಿತು.

ಹಾಳೆಯ ಮುಂದಿನ ಸಾಲುಗಳು: ಮಗು ಬಾರದ ದಿನಕ್ಕೆ ಫೀ ಕಡಿತವಿಲ್ಲ. ಹಿಂದಿನ ದಿನ ಸಂಜೆಯೊಳಗೆ ತಿಳಿಸಿದರೆ ಮೂರು ತಿಂಗಳಿಗೆ ಎರಡು ಪಾಠ ಭಾನುವಾರ ಬೆಳಗ್ಗೆ ತುಂಬಿಕೊಡುತ್ತೇನೆ. ಜ್ವರವಿದ್ದ ಮಗುವನ್ನು ಕಳಿಸಬೇಡಿ. ಬಿಡುವುದಾದರೆ ಒಂದು ತಿಂಗಳು ಮೊದಲು ಹೇಳಿ, ಸೇರುವಾಗ ಕಟ್ಟಿದ ಒಂದು ತಿಂಗಳ ಡಿಪಾಜಿಟ್ ವಾಪಸ್ ಒಯ್ಯಿರಿ. ಉಗುರು ಕತ್ತರಿಸಿರಬೇಕು. ಮನೆಯಲ್ಲಿ ವಾದ್ಯವಿರಬೇಕು, ವಾರಕ್ಕೆ ಐದು ದಿನ ಇಪ್ಪತ್ತು ನಿಮಿಷ ಕೂರಬೇಕು, ಕೂತದ್ದಕ್ಕೆ ಪುಸ್ತಕದಲ್ಲಿ ಮನೆಯ ಹಿರಿಯರ ಸಹಿ ಬೇಕು. ಈ ಕೊನೆಯದು ಶಿಸ್ತಿನ ಮಾತೆಂದು ಕಂಡೀತು, ದುಡ್ಡಿನ ಮಾತೂ ಹೌದು. ಮನೆಯಲ್ಲಿ ಕೂರದ ಮಗು ಮೂರು ವಾರ ಅದೇ ನಾಲ್ಕು ಸಾಲು ನುಡಿಸುತ್ತದೆ. ಒಂದೇ ಪಾಠವನ್ನು ಪಾಲಕರು ಮೂರು ಸಲ ಕೊಂಡಂತೆ.

ಮೊದಲ ಆಕ್ಷೇಪ ಬಂದದ್ದು ಕನ್ನಡದಲ್ಲಿ. ಒಂದು ಕಾಲಕ್ಕೆ ಬೀದರ, ಕಲಬುರಗಿಗಳ ಜೊತೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಊರು ಇದು. ಆ ಕಡೆಯ ಮನೆಗಳು ಇಲ್ಲಿವೆ. ಕಲಬುರಗಿಯ ಒಬ್ಬ ತಂದೆ ಹಾಳೆ ಎರಡು ಸಲ ಓದಿ ಕೇಳಿದರು.

“ಮೇಡಂ, ಹುಡುಗಿ ಬರಲಾರದ ದಿನಕ್ಕೂ ರೊಕ್ಕ ಕೊಡಬೇಕ್ರೇನು?”

“ಬಸ್ಸಿನ್ಯಾಗ ಸೀಟ್ ರಿಸರ್ವ್ ಮಾಡಿಸಿ ನೀವು ಹತ್ತಲಿಲ್ಲಂದ್ರ, ಬಸ್ ಹೋದ ಮ್ಯಾಲ ರೊಕ್ಕ ಹೊಳ್ಳಿ ಕೊಡ್ತಾರೇನ್ರಿ?” ಎಂದೆ.

“ಬಸ್ಸೇ ಬರಲಿಲ್ಲಂದ್ರ?”

ಒಳ್ಳೆಯ ಪ್ರಶ್ನೆ. ಅದಕ್ಕೆ ಹಾಳೆಯಲ್ಲಿ ಉತ್ತರವಿರಲಿಲ್ಲ. ಅವರ ಎದುರಿಗೇ ಪೆನ್ನಿನಿಂದ ಬರೆದೆ: ನಾನು ತಪ್ಪಿಸಿದರೆ ಪ್ರತಿ ಪಾಠವನ್ನೂ ತುಂಬಿಕೊಡುತ್ತೇನೆ, ಆಗದಿದ್ದರೆ ಪಾಠಕ್ಕೆ 240ರಂತೆ ಮುಂದಿನ ಫೀಯಲ್ಲಿ ಕಳೆಯುತ್ತೇನೆ. ಮರುವರ್ಷ ಅವ್ವ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಒಂದೂವರೆ ವಾರ ಧಾರವಾಡದಲ್ಲಿದ್ದೆ. 12 ಮಕ್ಕಳಿಗೆ ತಲಾ ಮೂರರಂತೆ 36 ಪಾಠ ತಪ್ಪಿತು. 20 ತುಂಬಿಕೊಟ್ಟೆ, 16ರ 3,840 ರೂಪಾಯಿ ಕಳೆದೆ. ಅಲ್ಲಿಂದೀಚೆಗೆ ಬಾರದ ದಿನದ ಫೀ ಬಗ್ಗೆ ಯಾರೂ ತಕರಾರು ತೆಗೆದಿಲ್ಲ. ನಿಯಮ ನನಗೂ ಕಟ್ಟುಬಿದ್ದದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಒಂದು ಕಡೆ ಮಾತ್ರ ಹಾಳೆ ಸೋತಿತು. ಚುರುಕಾದ ಒಬ್ಬ ಹುಡುಗಿ, ಎಡಗೈ ಬಲಗೈ ಬೇರೆಬೇರೆ ಓಡಿಸುವುದನ್ನು ಎರಡೇ ತಿಂಗಳಲ್ಲಿ ಹಿಡಿದವಳು. 6ನೇ ತಾರೀಖು ಅವರ ಮನೆಗೆ ಫೀ ನೆನಪಿನ ಮೆಸೇಜು ಹಾಕಿದೆ, 11ಕ್ಕೆ ಇನ್ನೊಂದು. ಉತ್ತರವಿಲ್ಲ. ಹುಡುಗಿ ಬರುವುದು ನಿಂತಿತು. ಎರಡು ತಿಂಗಳ ಮೇಲೆ ತರಕಾರಿ ಸಂತೆಯಲ್ಲಿ ತಾಯಿ ಸಿಕ್ಕರು. ಗಂಡನಿಗೆ ಅಪಘಾತವಾಗಿ ಕೆಲಸ ಹೋಗಿತ್ತು. “ನಿಮ್ಮ ಹಾಳೆಯಲ್ಲಿ ಎಲ್ಲ ಬರೆದಿತ್ತು ಮ್ಯಾಡಮ್, ಇದನ್ನು ಹೇಗೆ ಕೇಳಲಿ ಎಂದು ತಿಳಿಯಲಿಲ್ಲ” ಎಂದರು. ಆ ದಿನ ರಾತ್ರಿ ಹಾಳೆಗೆ ಮೊದಲ ಸಾಲು ಸೇರಿಸಿದೆ: ಮನೆಯಲ್ಲಿ ಕಷ್ಟವಿದ್ದರೆ ಒಂದು ಮಾತು ಹೇಳಿ, ಮೂರು ತಿಂಗಳು ಫೀ ಇಲ್ಲದೆ ಪಾಠ ನಡೆಯುತ್ತದೆ. ಇದುವರೆಗೆ ಎರಡು ಮನೆಯವರು ಆ ಮಾತು ಹೇಳಿದ್ದಾರೆ. ಆ ಹುಡುಗಿ ಮರಳಿ ಬರಲಿಲ್ಲ. ನನ್ನ ಬಳಿ ಉಳಿದಿದ್ದ ಡಿಪಾಜಿಟ್ಟನ್ನು ತಾಯಿಯ ಕೈಗೆ ಕೊಟ್ಟೆ, ಅಷ್ಟೇ ಆಯಿತು.

ಇನ್ನು ಪಾಲಕರ ಕಡೆಯ ಮಾತು, ಏಕೆಂದರೆ ನಾನೂ ಫೀ ಕಟ್ಟಿದವಳೇ. ನಾಸಿಕಕ್ಕೆ ಬಂದ ಹೊಸದರಲ್ಲಿ ಮಗನನ್ನು ತಬಲಾ ಕಲಿಸುವ ಒಂದು ಸಂಸ್ಥೆಗೆ ಸೇರಿಸಿ, ರಿಯಾಯಿತಿಯಿದೆಯೆಂದು ವರ್ಷದ 18,000 ಒಂದೇ ಸಲ ಕಟ್ಟಿದೆ. ನಾಲ್ಕನೇ ತಿಂಗಳಿಗೆ ಕಲಿಸುವವರು ಬಿಟ್ಟುಹೋದರು, ಬೇರೆಯವರು ಬರಲಿಲ್ಲ. ಪಾವತಿ ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ, ಕಟ್ಟಿದ ಹಣ ವಾಪಸ್ಸಿಲ್ಲ ಎಂದಿತ್ತು. ಆದ್ದರಿಂದ ಹೇಳುತ್ತೇನೆ, ಮೂರು ತಿಂಗಳಿಗಿಂತ ಹೆಚ್ಚಿನ ಫೀಯನ್ನು ಯಾವ ರಿಯಾಯಿತಿಗೂ ಮುಂಗಡ ಕೊಡಬೇಡಿ.

ಪಾವತಿಯಲ್ಲಿ ಜಿಎಸ್‌ಟಿ ಇದೆಯೇ ನೋಡಿ. ಕಲೆ, ಸಂಸ್ಕೃತಿಯ ಹವ್ಯಾಸವನ್ನು ಕಲಿಸುವುದಕ್ಕೆ ಇದ್ದ ವಿನಾಯಿತಿಯನ್ನು 2022ರ ಜುಲೈ 18ರಿಂದ ವ್ಯಕ್ತಿಗಳು ಕಲಿಸುವುದಕ್ಕೆ ಸೀಮಿತಗೊಳಿಸಿದ್ದಾರೆ. ನನ್ನಂತೆ ಮನೆಯಲ್ಲಿ ಒಬ್ಬರೇ ಕಲಿಸುವವರು ತೆರಿಗೆ ಸೇರಿಸುವಂತಿಲ್ಲ. ನೋಂದಣಿಯಾದ ಕಂಪನಿಯ ಕ್ಲಾಸಾದರೆ 18% ಸೇರುತ್ತದೆ, ಫೀ ಹೋಲಿಸುವಾಗ ಅದನ್ನೂ ಕೂಡಿಸಿ. ಆದಾಯ ತೆರಿಗೆಯಲ್ಲಿ ಕಡಿತ ಸಿಗುವ ಟ್ಯೂಷನ್ ಫೀ ಶಾಲೆ ಕಾಲೇಜುಗಳ ಪೂರ್ಣಾವಧಿ ಶಿಕ್ಷಣದ್ದು. ಪಿಯಾನೊ ಪಾಠದ ಪಾವತಿ ತಂದು ಆಡಿಟರಿಗೆ ಕೊಟ್ಟರೆ ಉಪಯೋಗವಿಲ್ಲ.

ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಸಂಗೀತ ಮಂಡಳಿಯ ಗ್ರೇಡ್ ಪರೀಕ್ಷೆ ಕಟ್ಟುವುದಾದರೆ ಅದರ ಶುಲ್ಕ, ಪುಸ್ತಕ ಎಲ್ಲ ಬೇರೆ, ಗ್ರೇಡ್ ಏರಿದಂತೆ ಶುಲ್ಕವೂ ಏರುತ್ತದೆ. ಎಂಟು ಗ್ರೇಡುಗಳಿವೆ, ಪ್ರತಿಯೊಂದನ್ನೂ ಕಟ್ಟಲೇಬೇಕೆಂದಿಲ್ಲ. ವಾದ್ಯಕ್ಕೂ ಅವಸರ ಬೇಡ. ಮೊದಲ ಆರು ತಿಂಗಳು 61 ಕೀಯ ಕೀಬೋರ್ಡ್ ಸಾಕು, ಬಳಸಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಮಗು ವರ್ಷ ಕೂತರೆ, ಒತ್ತಿದಾಗ ಬೆರಳಿಗೆ ಭಾರ ಕೊಡುವ 88 ಕೀಯ ಡಿಜಿಟಲ್ ಪಿಯಾನೊ ಕೊಳ್ಳಿ. ಅದಕ್ಕೆ ಶ್ರುತಿಯ ಖರ್ಚಿಲ್ಲ. ತಂತಿಯ ಪಿಯಾನೊ ಅಗ್ಗಕ್ಕೆ ಸಿಕ್ಕಿತೆಂದು ತರುವ ಮೊದಲು ಟ್ಯೂನರ್ ಎಲ್ಲಿಂದ ಬರಬೇಕೆಂದು ವಿಚಾರಿಸಿ.

ಜೂನ್‌ನಲ್ಲಿ ಹೊಸ ಕ್ಲಾಸುಗಳು ಶುರುವಾಗುತ್ತವೆ. ಕಲಿಸುವ ಅಕ್ಕತಂಗಿಯರೇ, ಮೊದಲ ದಿನವೇ ಹಾಳೆ ಕೊಡಿ. ನೀವು ತಪ್ಪಿಸಿದರೆ ಏನೆಂಬ ಸಾಲು ಅದರಲ್ಲಿರಲಿ, ಕಷ್ಟದಲ್ಲಿರುವವರಿಗೆ ಒಂದು ಸಾಲಿರಲಿ. ಪಾಲಕರೇ, ಹಾಳೆ ಕೊಡದಿದ್ದರೆ ನೀವೇ ಕೇಳಿ: ಬಾರದ ದಿನಕ್ಕೇನು, ರಜೆಯ ತಿಂಗಳಿಗೇನು, ಬಿಟ್ಟರೆ ಏನು, ಕಲಿಸುವವರೇ ಬಾರದಿದ್ದರೆ ಏನು. ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗಬೇಡಿ. ಬರೆಸಿಕೊಳ್ಳಿ, ಕೆಳಗೆ ಇಬ್ಬರೂ ಸಹಿ ಹಾಕಿ.