ಕಡಿಮೆ ಖರ್ಚಿನಲ್ಲಿ ಮನೆಗೊಂದು ಧ್ವನಿವ್ಯವಸ್ಥೆ

ಕಡಲೆಕಾಯಿ ಮಾರಿದ ಹಣ ಕೈಗೆ ಬಂತೆಂದರೆ ನಮ್ಮ ರೊಳ್ಳ, ಅಗಳಿ, ಅಮರಾಪುರದ ಕಡೆಯ ಮನೆಗಳಲ್ಲಿ ಮಕ್ಕಳು ಹಿಡಿಯುವ ಹಟ ಒಂದೇ: "ಹೋಮ್ ಥಿಯೇಟರ್ ತರೋಣ." ಚಿತ್ರಮಂದಿರದಲ್ಲಿ ಕೇಳಿದ ಶಬ್ದ ಮನೆಯ ಟೀವಿಯಲ್ಲೂ ಬರಬೇಕೆಂಬ ಈ ಆಸೆ ತಪ್ಪಲ್ಲ. ಆದರೆ ಶಬ್ದವೆಂದರೇನು, ಅದಕ್ಕೆ ಎಷ್ಟು ಶಕ್ತಿ ಬೇಕು ಎಂಬುದನ್ನು ತಿಳಿಯದೆ ಅಂಗಡಿಗೆ ಹೋದವರು ದುಡ್ಡು ಕಳೆದುಕೊಳ್ಳುತ್ತಾರೆ. ಹಾಗೆ ಕಳೆದುಕೊಂಡವರಲ್ಲಿ ಈ ಲೇಖಕನೂ ಒಬ್ಬ.

ನಮ್ಮ ತಾಯಿಗೆ ವಯಸ್ಸಾಗಿ ಕಿವಿ ಮಂದವಾಗಿದೆ. ಹಳೆಯ ಡಬ್ಬದಂಥ ಟೀವಿ ಇದ್ದಾಗ ಹೇಗೋ ನಡೆಯುತ್ತಿತ್ತು. ಗೋಡೆಗೆ ತೂಗುಹಾಕುವ ತೆಳು ಟೀವಿ ಬಂದ ಮೇಲೆ "ಏನಂತೆ? ಏನಂದ ಅವನು?" ಎಂದು ಮಾತುಮಾತಿಗೂ ಕೇಳತೊಡಗಿದರು. ತೆಳು ಟೀವಿಯೊಳಗೆ ದೊಡ್ಡ ಸ್ಪೀಕರಿಗೆ ಜಾಗವಿಲ್ಲ. ಇರುವ ಸಣ್ಣ ಸ್ಪೀಕರುಗಳೂ ಬಹುಪಾಲು ಕೆಳಕ್ಕೋ ಹಿಂದಕ್ಕೋ ಮುಖಮಾಡಿರುತ್ತವೆ. ಆಗ ನಾನು ಐದು ಸಣ್ಣ ಪೆಟ್ಟಿಗೆ, ಒಂದು ದೊಡ್ಡ ಪೆಟ್ಟಿಗೆ ಇರುವ ಸೆಟ್ಟೊಂದನ್ನು ಕಂತಿನ ಮೇಲೆ ತಂದೆ. ಅದರ ಡಬ್ಬದ ಮೇಲೆ "5000 ವ್ಯಾಟ್" ಎಂದು ಬರೆದಿತ್ತು. ಹಾಕಿದ ದಿನ ಕಿಟಕಿಯ ಗಾಜು ಅದುರಿತು. ತಾಯಿ ಹೇಳಿದ್ದು ಇಷ್ಟೇ: "ಮನೆ ನಡುಗುತ್ತೆ ಕಣಪ್ಪ, ಮಾತು ಮಾತ್ರ ತಿಳಿಯಲ್ಲ." ಕಂತು ಹತ್ತು ತಿಂಗಳು ನಡೆಯಿತು. ಅಂಗಡಿಯವರನ್ನು ದೂರುವ ಮುನ್ನ ನಾನೇ ತರಗತಿಯಲ್ಲಿ ಹೇಳುವ ಪಾಠವನ್ನು ಮನೆಯಲ್ಲಿ ಮರೆತೆನಲ್ಲ ಎಂದು ನಾಚಿಕೆಯಾಯಿತು. ಆ ಪಾಠವನ್ನೇ ಇಲ್ಲಿ ಮತ್ತೆ ಹೇಳುತ್ತಿದ್ದೇನೆ.

ವ್ಯಾಟಿನ ಲೆಕ್ಕ

ಮನೆಯ ಸಾಮಾನ್ಯ ಪ್ಲಗ್ಗು 5 ಆಂಪಿಯರಿನದು. ವಿದ್ಯುತ್ತಿನ ಒತ್ತಡ 230 ವೋಲ್ಟ್. 230ನ್ನು 5ರಿಂದ ಗುಣಿಸಿದರೆ 1150 ವ್ಯಾಟ್. ಆ ಪ್ಲಗ್ಗಿನಿಂದ ಇದಕ್ಕಿಂತ ಹೆಚ್ಚು ಶಕ್ತಿ ಎಳೆಯುವಂತಿಲ್ಲ. ಹಾಗಾದರೆ 5000 ವ್ಯಾಟ್ ಎಲ್ಲಿಂದ ಬಂತು? ಎಲ್ಲಿಂದಲೂ ಬರಲಿಲ್ಲ. ಸೆಟ್ಟಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ "ವಿದ್ಯುತ್ ಬಳಕೆ 60 ವ್ಯಾಟ್" ಎಂದಿತ್ತು. 60 ವ್ಯಾಟ್ ತಿನ್ನುವ ಯಂತ್ರ 5000 ವ್ಯಾಟ್ ಹೊರಹಾಕಲಾರದು. ಶಕ್ತಿಯ ನಿತ್ಯತೆಯ ನಿಯಮ ಅಂಗಡಿಗೂ ಅನ್ವಯಿಸುತ್ತದೆ. ಡಬ್ಬದ ಮೇಲಿನ ಅಂಕಿ ಪಿ.ಎಂ.ಪಿ.ಒ. ಎಂಬ ಅಳತೆಯದು. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ. ಪೋಷಕರು ನೋಡಬೇಕಾದದ್ದು ಆರ್.ಎಂ.ಎಸ್. ಎಂದು ಬರೆದ ಅಂಕಿಯನ್ನು; ಅದೂ ಇಲ್ಲದಿದ್ದರೆ ಹಿಂಬದಿಯ ವಿದ್ಯುತ್ ಬಳಕೆಯನ್ನು.

ಇನ್ನು ಒಂದು ಕೋಣೆಗೆ ಎಷ್ಟು ವ್ಯಾಟ್ ಬೇಕು? ಸಾಧಾರಣ ಸ್ಪೀಕರಿಗೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಸುಮಾರು 88 ಡೆಸಿಬೆಲ್ ಬರುತ್ತದೆ. ಮನುಷ್ಯರು ಎದುರುಬದುರು ಕುಳಿತು ಮಾತಾಡುವುದು ಸುಮಾರು 60 ಡೆಸಿಬೆಲ್. ಅಂದರೆ ಒಂದು ವ್ಯಾಟೇ ಧಾರಾಳವಾಯಿತು! ವ್ಯಾಟನ್ನು ಇಮ್ಮಡಿ ಮಾಡಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಶಬ್ದ ಇಮ್ಮಡಿಯಾಯಿತು ಅನ್ನಿಸಬೇಕಾದರೆ 10 ಡೆಸಿಬೆಲ್ ಹೆಚ್ಚಬೇಕು, ಅದಕ್ಕೆ ಹತ್ತರಷ್ಟು ವ್ಯಾಟ್ ಬೇಕು. ಆದುದರಿಂದ 10 ವ್ಯಾಟಿನ ಸೆಟ್ಟಿಗೂ 20 ವ್ಯಾಟಿನ ಸೆಟ್ಟಿಗೂ ಬೆಲೆಯಲ್ಲಿ ಕಾಣುವಷ್ಟು ವ್ಯತ್ಯಾಸ ಕಿವಿಯಲ್ಲಿ ಕಾಣುವುದಿಲ್ಲ.

ಸ್ಪೀಕರ್ ಮತ್ತು ಅದರ ಬೆನ್ನಿನ ಅಲೆ

ಹಣ ಹಾಕಬೇಕಾದದ್ದು ಸ್ಪೀಕರಿಗೆ ಮತ್ತು ಅದರ ಪೆಟ್ಟಿಗೆಗೆ. ನೂರು ರೂಪಾಯಿಯಲ್ಲಿ ಅರವತ್ತು ಇವೆರಡಕ್ಕೇ ಹೋಗಲಿ ಎಂಬುದು ನನ್ನ ಅಭಿಪ್ರಾಯ. ಇಂದಿನ ಸ್ಪೀಕರಿನ ರಚನೆಯನ್ನು 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ಪ್ರಕಟಿಸಿದರು. ಅಯಸ್ಕಾಂತದ ಸಂದಿನಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಕೊಳವಿ, ಇಷ್ಟೇ. ಸುರುಳಿಯಲ್ಲಿ ವಿದ್ಯುತ್ತು ಹಿಂದೆ ಮುಂದೆ ಹರಿದಂತೆ ಕಾಗದವೂ ಹಿಂದೆ ಮುಂದೆ ಅಲುಗಿ ಗಾಳಿಯನ್ನು ತಳ್ಳುತ್ತದೆ.

ವಿದ್ಯಾರ್ಥಿಗಳೇ, ಇಲ್ಲಿ ಒಂದು ಪ್ರಯೋಗ ಮಾಡಿ ನೋಡಿ. ಹಳೆಯ ಟೇಪ್‌ರೆಕಾರ್ಡರಿನಿಂದ ಬಿಚ್ಚಿದ ಸ್ಪೀಕರನ್ನು ಬರಿಗೈಯಲ್ಲಿ ಹಿಡಿದು ಹಾಡು ಹಾಕಿ. ಶಬ್ದ ಕೀಚಲಾಗಿ ಕೇಳುತ್ತದೆ. ತಬಲದ ಡಗ್ಗ ಎಲ್ಲೋ ಮಾಯವಾಗಿರುತ್ತದೆ. ಈಗ ಒಂದು ದೊಡ್ಡ ರಟ್ಟಿನಲ್ಲಿ ಸ್ಪೀಕರಿನ ಅಳತೆಗೆ ತೂತು ಕೊಯ್ದು, ಆ ತೂತಿಗೆ ಸ್ಪೀಕರನ್ನು ಒತ್ತಿ ಹಿಡಿಯಿರಿ. ಮಾಯವಾದ ಡಗ್ಗ ಕೂಡಲೇ ಹಿಂದಿರುಗುತ್ತದೆ. ಒಂದು ಪೈಸೆ ಖರ್ಚಿಲ್ಲ, ವ್ಯಾಟ್ ಹೆಚ್ಚಿಸಿಲ್ಲ.

ಕಾರಣವೇನೆಂದರೆ, ಕಾಗದ ಮುಂದಕ್ಕೆ ಹೋದಾಗ ಮುಂದಿನ ಗಾಳಿ ಒತ್ತಡಕ್ಕೆ ಸಿಗುತ್ತದೆ, ಅದೇ ಗಳಿಗೆಯಲ್ಲಿ ಹಿಂದಿನ ಗಾಳಿ ಸಡಿಲವಾಗುತ್ತದೆ. ನಡುವೆ ತಡೆಯಿಲ್ಲದಿದ್ದರೆ ಮುಂದಿನ ಗಾಳಿ ಅಂಚಿನಿಂದ ಹಿಂದಕ್ಕೆ ಜಾರಿ, ಎರಡೂ ಅಲೆಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಸೆಕೆಂಡಿಗೆ 100 ಕಂಪನಗಳ ತಗ್ಗು ಸ್ವರದ ಅಲೆಯ ಉದ್ದ ಸುಮಾರು ಮೂರೂವರೆ ಮೀಟರ್. ಅದರ ಮುಂದೆ ಅಂಗೈಯಗಲದ ಸ್ಪೀಕರ್ ಯಾವ ತಡೆ? 5000 ಕಂಪನಗಳ ಮೇಲ್ಸ್ವರದ ಅಲೆಯಾದರೋ 7 ಸೆಂಟಿಮೀಟರಿಗೆ ತುಸು ಕಡಿಮೆ; ಅದು ಹಿಂದಕ್ಕೆ ಸುಲಭವಾಗಿ ಬಾಗುವುದಿಲ್ಲ. ಆದಕಾರಣ ತಗ್ಗು ಸ್ವರ ಸಾಯುತ್ತದೆ, ಮೇಲ್ಸ್ವರ ಉಳಿಯುತ್ತದೆ. ಪೆಟ್ಟಿಗೆಯ ಮುಖ್ಯ ಕೆಲಸ ಬೆನ್ನಿನ ಅಲೆಯನ್ನು ಒಳಗೇ ಕೂಡಿಹಾಕುವುದು.

ಹಿಂದೆ ಹಳ್ಳಿಗಳಲ್ಲಿ ಟೇಪ್‌ರೆಕಾರ್ಡರಿನ ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಕೂಡಿಸುತ್ತಿದ್ದರು. ಅದು ದಡ್ಡತನವಲ್ಲ, ಮಡಕೆಯೂ ಬೆನ್ನಿನ ಅಲೆಯನ್ನು ಹಿಡಿಯುತ್ತದೆ. ಒಂದೇ ದೋಷವೆಂದರೆ, ಖಾಲಿ ಮಡಕೆಯೊಳಗಿನ ಗಾಳಿಗೆ ತನ್ನದೇ ಒಂದು ಸ್ವರವಿರುತ್ತದೆ. ಆ ಸ್ವರ ಬಂದಾಗಲೆಲ್ಲ ಮಡಕೆ "ಬೊಂ" ಎನ್ನುತ್ತದೆ. ಒಳಗೆ ಬೂರುಗದ ಹತ್ತಿ ತುಂಬಿದರೆ ಈ ಗುಂಯ್‌ಗುಟ್ಟುವಿಕೆ ಬಹಳಷ್ಟು ಅಡಗುತ್ತದೆ.

ಮಾಡುವ ರೀತಿ

ಎರಡು ನಾಲ್ಕಂಗುಲದ, 8 ಓಮಿನ, ಕಾಗದದ ಕೊಳವಿಯ ಸ್ಪೀಕರುಗಳು ಸಾಕು. ಹಿಂದೂಪುರ, ಶಿರಾ ಪಟ್ಟಣಗಳ ರಿಪೇರಿ ಅಂಗಡಿಗಳಲ್ಲಿ ವಿಚಾರಿಸಬಹುದು. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರಸ್ತೆಯಲ್ಲಿ ಇಂಥ ಬಿಡಿಭಾಗಗಳ ಸಂತೆಯೇ ಇದೆ. ಕೆಟ್ಟ ಟೀವಿಯಿಂದ ತೆಗೆದದ್ದೂ ಆದೀತು. ಕೊಳ್ಳುವಾಗ ಕಾಗದವನ್ನು ನಾಲ್ಕು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಬೇಕು. ಕರಕರ ಸದ್ದು ಬಂದರೆ ಸುರುಳಿ ಉಜ್ಜುತ್ತಿದೆ ಎಂದರ್ಥ; ಅದು ಬೇಡ.

ಪೆಟ್ಟಿಗೆಗೆ 12 ಮಿಲಿಮೀಟರ್ ದಪ್ಪದ ಪ್ಲೈವುಡ್ಡು ಒಳ್ಳೆಯದು. ಬಡಗಿಯ ಹತ್ತಿರ ತುಂಡುಗಳು ಅಗ್ಗವಾಗಿ ಸಿಗುತ್ತವೆ. ಒಳ ಅಳತೆ ಅಗಲ 16, ಎತ್ತರ 26, ಆಳ 15 ಸೆಂಟಿಮೀಟರ್ ಇದ್ದರೆ 6240 ಘನ ಸೆಂಟಿಮೀಟರ್, ಅಂದರೆ ಆರು ಲೀಟರಿಗೆ ತುಸು ಹೆಚ್ಚು. ಈ ಸ್ಪೀಕರಿಗೆ ಇಷ್ಟು ಸಾಕು. ಸಂದುಗಳಿಗೆಲ್ಲ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಮೆತ್ತಬೇಕು. ಪೆಟ್ಟಿಗೆ ಉಸಿರಾಡಕೂಡದು, ತಂತಿ ಹೊರಬರುವ ತೂತನ್ನೂ ಮುಚ್ಚಬೇಕು. ಒಳಗೆ ಹತ್ತಿಯನ್ನೋ ಹಳೆಯ ಕೌದಿಯ ಚೂರನ್ನೋ ಸಡಿಲವಾಗಿ ತುಂಬಿ.

ಆಂಪ್ಲಿಫೈಯರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹಿಂದೆ ಎಲ್.ಎ. 4440, ಟಿ.ಡಿ.ಎ. 2030 ಎಂಬ ಐ.ಸಿ.ಗಳನ್ನು ಕೂಡಿಸಿ ಮನೆಯಲ್ಲೇ ಆಂಪ್ಲಿಫೈಯರ್ ಮಾಡುತ್ತಿದ್ದರು. ಅದಕ್ಕೆ ಟ್ರಾನ್ಸ್‌ಫಾರ್ಮರ್ ಬೇಕು, ಟ್ರಾನ್ಸ್‌ಫಾರ್ಮರಿನ ಒಂದು ಕಡೆ 230 ವೋಲ್ಟ್ ಇರುತ್ತದೆ. ಮಕ್ಕಳು ಅದನ್ನು ಮುಟ್ಟಕೂಡದು. ಈಗ ಟಿ.ಪಿ.ಎ. 3110 ಎಂಬ ಐ.ಸಿ. ಇರುವ ಸಣ್ಣ ಹಲಗೆ ಸಿದ್ಧವಾಗಿ ಸಿಗುತ್ತದೆ. ಮುಚ್ಚಿದ 12 ವೋಲ್ಟಿನ ಅಡಾಪ್ಟರಿನಿಂದಲೇ ಅದು ನಡೆಯುತ್ತದೆ, 8 ಓಮಿನ ಎರಡು ಸ್ಪೀಕರುಗಳಿಗೆ ಸುಮಾರು 8 ವ್ಯಾಟಿನಂತೆ ಕೊಡುತ್ತದೆ. ಒಟ್ಟು 16 ವ್ಯಾಟ್. ಹಲಗೆಯಲ್ಲಿ ಶಾಖವಾಗಿ ಹೋಗುವುದನ್ನೂ ಸೇರಿಸಿ 18 ಎಂದಿಟ್ಟುಕೊಳ್ಳಿ. 18ನ್ನು 12ರಿಂದ ಭಾಗಿಸಿದರೆ ಒಂದೂವರೆ ಆಂಪಿಯರ್. ಆದ್ದರಿಂದ 2 ಆಂಪಿಯರಿನ ಅಡಾಪ್ಟರ್ ಸಾಕು. ಕರೆಂಟು ಹೋದಾಗ 12 ವೋಲ್ಟಿನ ಬ್ಯಾಟರಿಗೂ ಜೋಡಿಸಬಹುದು. ನಮ್ಮ ಕಡೆಗೆ ಇದು ಸಣ್ಣ ಅನುಕೂಲವಲ್ಲ. ಈ ಹಲಗೆಯಲ್ಲಿ ಎರಡು ಸ್ಪೀಕರುಗಳ ಕಪ್ಪು ತಂತಿಗಳನ್ನು ಒಂದಕ್ಕೊಂದು ಎಂದೂ ಸೇರಿಸಬಾರದು, ಹಲಗೆ ಸುಟ್ಟೀತು.

ಎರಡು ಸ್ಪೀಕರುಗಳೂ ಒಂದೇ ದಿಕ್ಕಿಗೆ ಅಲುಗಬೇಕು. 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ ನೋಡಿ. ಕಾಗದ ಹೊರಕ್ಕೆ ಚಿಮ್ಮಿದರೆ ಸೆಲ್ಲಿನ ಧನ ತುದಿ ತಾಗಿದ್ದೇ ಸ್ಪೀಕರಿನ ಧನ ತುದಿ; ಅಲ್ಲಿ ಕೆಂಪು ಗುರುತು ಹಾಕಿ. ಒಂದು ತಲೆಕೆಳಗಾದರೂ ನಡುವೆ ಬರಬೇಕಾದ ಮಾತು ಚದುರಿ ತೆಳುವಾಗುತ್ತದೆ.

ತಂತಿಯ ಬಗ್ಗೆ ಜಾಹೀರಾತುಗಳು ಏನೇನೋ ಹೇಳುತ್ತವೆ. ಓಮನ ನಿಯಮ ಹೇಳುವುದನ್ನು ಕೇಳೋಣ. 1 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.017 ಓಮ್ ರೋಧ. 10 ಮೀಟರ್ ದೂರಕ್ಕೆ ಹೋಗಿಬರುವ ತಂತಿ 20 ಮೀಟರ್, ರೋಧ 0.34 ಓಮ್, 8 ಓಮಿನ ಮುಂದೆ ಇದು ಲೆಕ್ಕಕ್ಕಿಲ್ಲ. ಅದೇ 0.2 ಚದರ ಮಿಲಿಮೀಟರಿನ ಕರೆಗಂಟೆಯ ತಂತಿಯಾದರೆ 1.7 ಓಮ್, ಶಕ್ತಿಯ ಆರನೆಯ ಒಂದು ಪಾಲಿಗೂ ಹೆಚ್ಚು ತಂತಿಯಲ್ಲೇ ಹೋಯಿತು. ಮನೆಯ ವೈರಿಂಗಿನ ಉಳಿದ ತಂತಿ ಧಾರಾಳವಾಗಿ ಸಾಕು.

ನಾವು ಮಾಡಿದಾಗ ಸ್ಪೀಕರ್, ಹಲಗೆ, ಅಡಾಪ್ಟರ್, ಪ್ಲೈವುಡ್ಡು ಎಲ್ಲ ಸೇರಿ ಎರಡು ಸಾವಿರ ರೂಪಾಯಿಯೊಳಗೆ ಮುಗಿಯಿತು. ಆ ಹಳೆಯ ಸೆಟ್ಟಿನ ಎರಡು ಕಂತಿನ ಹಣ.

ಮಾತು ಏಕೆ ತಿಳಿಯುತ್ತಿರಲಿಲ್ಲ?

ಕನ್ನಡದ ಸ್ವರಾಕ್ಷರಗಳ ಬಲವೆಲ್ಲ ತಗ್ಗು ಕಂಪನಗಳಲ್ಲಿದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಸೆಕೆಂಡಿಗೆ 2000ಕ್ಕೂ ಮೇಲಿನ ಕಂಪನಗಳಲ್ಲಿದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಈ ಮೇಲಿನ ಕಂಪನಗಳನ್ನೇ. ಆದ್ದರಿಂದ ವೃದ್ಧರಿಗೆ ಯಾರೋ ಮಾತಾಡುವುದು ಕೇಳುತ್ತದೆ, ಏನು ಮಾತಾಡಿದರೆಂಬುದು ತಿಳಿಯುವುದಿಲ್ಲ. ಇದರ ಮೇಲೆ ಜೋರಾದ ತಗ್ಗು ಶಬ್ದ ಬಿದ್ದರೆ ಅದು ಮೇಲಿನ ಸಣ್ಣ ಶಬ್ದಗಳನ್ನು ಮುಚ್ಚಿಹಾಕುತ್ತದೆ. ನಾನು ತಂದ ದೊಡ್ಡ ಪೆಟ್ಟಿಗೆ ನಮ್ಮ ತಾಯಿಗೆ ಮಾಡಿದ್ದು ಇದನ್ನೇ. ಉಪಕಾರವೆಂದು ತಂದೆ, ಅಪಕಾರವಾಯಿತು.

ಈಗ ಒಂದು ಪೆಟ್ಟಿಗೆಯನ್ನು ಟೀವಿಯ ಹತ್ತಿರವಿಡದೆ ಅವರ ಕುರ್ಚಿಯ ಪಕ್ಕದಲ್ಲೇ, ಕಿವಿಯ ಎತ್ತರಕ್ಕೆ ಇಟ್ಟಿದ್ದೇವೆ. ಬಯಲಿನಲ್ಲಿ ದೂರ ಅರ್ಧವಾದರೆ 6 ಡೆಸಿಬೆಲ್ ಹೆಚ್ಚುತ್ತದೆ. ಕೋಣೆಯಲ್ಲಿ ತುಸು ಕಡಿಮೆ. ನಾಲ್ಕು ಮೀಟರಿನಿಂದ ಒಂದು ಮೀಟರಿಗೆ ತಂದರೆ ಹತ್ತಾರು ವ್ಯಾಟ್ ಕೊಂಡಂತಾಯಿತು. ಟೀವಿಯಲ್ಲಿ ಶಬ್ದದ ಆಯ್ಕೆಗೆ ಹೋಗಿ ಬೇಸ್ ಇಳಿಸಿ, ಟ್ರೆಬಲ್ ಏರಿಸಿದೆವು. ಹೆಡ್‌ಫೋನಿನ ತೂತಿಲ್ಲದ ಕೆಲವು ಟೀವಿಗಳಲ್ಲಿ ಬೆಳಕಿನ ತಂತಿಯ ದಾರಿ ಇರುತ್ತದೆ. ಅದಕ್ಕೆ ಪರಿವರ್ತಕ ಡಬ್ಬಿಯೊಂದು ಬೇಕು, ಟೀವಿಯಲ್ಲಿ ಪಿ.ಸಿ.ಎಂ. ಎಂದು ಆರಿಸಬೇಕು. ಕಿವಿಯನ್ನು ವೈದ್ಯರಿಗೆ ತೋರಿಸುವುದಕ್ಕೆ ಇದಾವುದೂ ಬದಲಲ್ಲ, ಅದನ್ನೂ ಮಾಡಿದೆವು.

ತಾರಸಿ ಮನೆ, ಕಡಪ ಕಲ್ಲಿನ ನೆಲ, ಬರಿಯ ಗೋಡೆ ಇದ್ದರೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ಝಣಗುಟ್ಟುತ್ತ ಉಳಿದರೆ ಮಾತೂ ಹಾಗೆಯೇ ಕಲಸಿಹೋಗುತ್ತದೆ. ಎದುರು ಗೋಡೆಗೆ ಕೌದಿ ಇಳಿಬಿಡಿ, ನೆಲಕ್ಕೆ ಜಮಖಾನ ಹಾಸಿ.

ಐದು ಪೆಟ್ಟಿಗೆಯ ಆಸೆ ಬಿಡದವರಿಗೆ ಒಂದು ಮಾತು. ಸಿನಿಮಾದ 5.1 ಶಬ್ದ ಡಾಲ್ಬಿ ಡಿಜಿಟಲ್ ರೂಪದಲ್ಲಿ 1992ರಲ್ಲಿ "ಬ್ಯಾಟ್‌ಮನ್ ರಿಟರ್ನ್ಸ್" ಚಿತ್ರದೊಡನೆ ಬಂತು. ಮುಂದೆ ಮೂರು, ಹಿಂದೆ ಎರಡು, ತಗ್ಗು ಶಬ್ದಕ್ಕೆ ಒಂದು. ಇಲ್ಲಿ ಸಂಭಾಷಣೆ ಬಹುಪಾಲು ನಡುವಿನ ಸ್ಪೀಕರಿನಲ್ಲೇ ಬರುತ್ತದೆ. ನನ್ನ ಹಳೆಯ ಸೆಟ್ಟಿನಲ್ಲಾದರೋ ಎರಡೇ ದಾರಿಯ ಶಬ್ದವನ್ನು ಐದು ಪೆಟ್ಟಿಗೆಗಳಿಗೆ ಹಂಚಿದ್ದರು. ಒಳ್ಳೆಯ ಎರಡರಿಂದ ಆರಂಭಿಸಿದವರು ಹಣ ಬಂದಾಗ ಮುಂದುವರಿಯಬಹುದು.

ರಾತ್ರಿ ಹತ್ತರ ಮೇಲೆ ಶಬ್ದ ತಗ್ಗಿಸಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಪಕ್ಕದ ಮನೆಯಲ್ಲಿ ತೆಲುಗು ಧಾರಾವಾಹಿ, ನಮ್ಮಲ್ಲಿ ಕನ್ನಡ ಧಾರಾವಾಹಿ. ಎರಡೂ ಜೋರಾದರೆ ಬೀದಿಗೆ ಯಾವುದೂ ತಿಳಿಯದು.

ಕೊನೆಗೆ ಇಲಿಯ ಕಾಟ. ಅದಕ್ಕೆ ಸ್ಪೀಕರಿನ ಕಾಗದವೂ ಒಂದೇ, ಪುಸ್ತಕದ ಕಾಗದವೂ ಒಂದೇ. ಮುಂದುಗಡೆ ಸಣ್ಣ ಕಣ್ಣಿನ ತಂತಿಬಲೆ ಹೊಡೆಯಿರಿ. ಹಳೆಯ ಸ್ಪೀಕರ್ ಇರುವ ವಿದ್ಯಾರ್ಥಿಗಳು ಅದನ್ನು ವಿಜ್ಞಾನದ ಕೊಠಡಿಗೆ ತರಬಹುದು. ರಟ್ಟು, ಸೆಲ್ಲು, ತೂತು ಕೊಯ್ಯುವ ಗರಗಸ ಅಲ್ಲಿವೆ.